ಮಾಸಿದ ಬಂಪರಿಗೆ ಎಣ್ಣೆ ಬಳಿಯಬೇಕೆ?

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಕನ್ನಡ ಹಳ್ಳಿಗಳಲ್ಲಿ ಚಕ್ಕಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ಪಿಕಪ್ ಗಾಡಿಯೋ ಸಣ್ಣದೊಂದು ಕಾರೋ ನಿಲ್ಲುತ್ತದೆ. ಹೊಸದಾಗಿ ಬಂದಾಗ ಅದರ ಬಂಪರು, ಗಾಲಿಯ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಕನ್ನಡಿಯ ಗೂಡು ಇವೆಲ್ಲ ಮಳೆ ಬಿದ್ದ ಎರೆಹೊಲದಂತೆ ಕಪ್ಪಗಿರುತ್ತವೆ. ಕೆಲವೇ ಬೇಸಿಗೆಗಳು ಕಳೆದವೆಂದರೆ ಬೂದಿ ಬಳಿದಂತೆ ಬಿಳಿಚುತ್ತವೆ. ಬಣ್ಣ ಬಳಿದ ತಗಡು ಇನ್ನೂ ಹೊಸದಾಗಿ ಕಾಣುತ್ತಿರುವಾಗ ಈ ಕರಿ ಪ್ಲಾಸ್ಟಿಕ್ಕು ಮಾತ್ರ ಮೊದಲೇ ಮುದಿಯಾಗುವುದನ್ನು ಕಂಡು ಒಡೆಯನಿಗೆ ಕಸಿವಿಸಿಯಾಗುತ್ತದೆ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ರೂಢಿಯಾದ ಕೈ ಆಗ ತಾನಾಗಿಯೇ ಎಣ್ಣೆಯ ಡಬ್ಬಿಗೆ ಹೋಗುತ್ತದೆ. ಒಬ್ಬರು ಶೇಂಗಾ ಎಣ್ಣೆ ಬಳಿಯುತ್ತಾರೆ, ಇನ್ನೊಬ್ಬರು ಕೊಬ್ಬರಿ ಎಣ್ಣೆ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನೋ ಡೀಸೆಲನ್ನೋ ಅರಿವೆಗೆ ಹಚ್ಚಿ ಒರೆಸುವವರೂ ಕಡಿಮೆಯಿಲ್ಲ. ಪೇಟೆಗೆ ಹೋದರೆ ಗಾಡಿ ತೊಳೆಯುವವನು ಸೀಸೆಯಿಂದ ಏನನ್ನೋ ಸುರಿದು ಕ್ಷಣದಲ್ಲಿ ಮಿರಮಿರ ಮಿಂಚಿಸಿ ಕೊಡುತ್ತಾನೆ.

ಇದಾವುದೂ ದುರಸ್ತಿಯಲ್ಲವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಒಕ್ಕಲುತನದ ಪುಟದಲ್ಲಿ ಮೋಟಾರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಹೊರುವ ಗಾಡಿ ಇಂದು ಕೂರಿಗೆ ಕುಂಟೆಗಳಂತೆಯೇ ಒಕ್ಕಲುತನದ ಸಾಮಾನು. ಅದಕ್ಕೆ ಹೋಗುವ ರೊಕ್ಕ ಹೊಲದಿಂದಲೇ ಹುಟ್ಟಬೇಕು. ಆ ರೊಕ್ಕ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ಈ ಪದಾರ್ಥ ಯಾವುದೆಂದು ತಿಳಿಯೋಣ. ಹಳೆಯ ಅಂಬಾಸಡರ್ ಗಾಡಿಯ ಬಂಪರು ಉಕ್ಕಿನದು, ಮೇಲೆ ಕ್ರೋಮಿಯಮ್ಮಿನ ಲೇಪ. ಅದಕ್ಕೆ ತುಕ್ಕು ಹಿಡಿಯುತ್ತಿತ್ತು, ಬಿಳಿಚುತ್ತಿರಲಿಲ್ಲ. ಈಗಿನ ಕರಿ ಬಂಪರಿನ ಒಳಬದಿಯನ್ನು ಬಗ್ಗಿ ನೋಡಿದರೆ ಅಚ್ಚಿನಲ್ಲಿಯೇ ಮೂಡಿದ ಸಣ್ಣ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ‘ಪಿಪಿ’ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಪಕ್ಕದಲ್ಲಿ ‘ಇಪಿಡಿಎಂ’ ಎಂದಿದ್ದರೆ ಪೆಟ್ಟಿಗೆ ಒಡೆಯದಿರಲೆಂದು ಒಂದು ಬಗೆಯ ರಬ್ಬರನ್ನು ಬೆರೆಸಿದ್ದಾರೆಂದು ಅರ್ಥ. ಅದರ ಮುಂದೆ ‘ಟಿ 20’ ಅಥವಾ ‘ಟಿಡಿ 20’ ಎಂದಿದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಎಂಬ ಬಿಳಿಯ ಕಲ್ಲುಪುಡಿ ಸೇರಿದೆ. ಕೂಸಿನ ಮೈಗೆ ಹಚ್ಚುವ ಪೌಡರು ಆಗುತ್ತಿದ್ದುದೂ ಇದೇ ಕಲ್ಲಿನಿಂದ. ಏಳನೆಯ ಈಯತ್ತೆಯ ಹುಡುಗನೂ ಓದಬಲ್ಲ ಅಕ್ಷರಗಳಿವು. ಮನೆಯ ಮಕ್ಕಳನ್ನು ಗಾಡಿಯ ಕೆಳಗೆ ಬಗ್ಗಿಸಿ ಓದಿಸಿದರೆ ಅವರಿಗೂ ಒಂದು ಪಾಠವಾದೀತು.

ಈ ಪಾಲಿಪ್ರೊಪಿಲೀನನ್ನು ಇಟಲಿಯ ಮಿಲಾನ್ ನಗರದಲ್ಲಿ ಜೂಲಿಯೊ ನಟ್ಟಾ ಎಂಬ ರಸಾಯನಶಾಸ್ತ್ರಜ್ಞರು ಉಪಯೋಗಕ್ಕೆ ಬರುವ ಗಟ್ಟಿ ರೂಪದಲ್ಲಿ 1954ರಲ್ಲಿ ಮಾಡಿ ತೋರಿಸಿದರು. ಜರ್ಮನಿಯ ಕಾರ್ಲ್ ಝೀಗ್ಲರ್ ಅವರೊಡನೆ 1963ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಗುರ, ಅಗ್ಗ, ನೀರಿಗೆ ಅಂಜದು, ತುಕ್ಕಿಲ್ಲ. ಆದರೆ ಬಿಸಿಲಿಗೆ ಮಾತ್ರ ಇದು ಬಹಳ ಅಳುಕು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಒಂದು ಸಣ್ಣ ಪಾಲು ಇರುತ್ತವೆ. ಅವು ಈ ಪದಾರ್ಥದ ಉದ್ದುದ್ದ ಅಣುಸರಪಳಿಗಳನ್ನು ತುಂಡರಿಸುತ್ತವೆ. ತುಂಡಾದಲ್ಲಿ ಗಾಳಿಯ ಆಮ್ಲಜನಕ ಹೊಕ್ಕು ಆ ಕೆಲಸವನ್ನು ಮುಂದುವರಿಸುತ್ತದೆ. ಇದನ್ನು ತಡೆಯಲೆಂದು ಕಾರ್ಖಾನೆಯವರು ಕೆಲವು ರಸಾಯನಗಳನ್ನೂ ಹೊಗೆಮಸಿಯನ್ನೂ ಬೆರೆಸಿರುತ್ತಾರೆ. ರಸಾಯನಗಳು ಬೀಜೋಪಚಾರದ ಔಷಧದಂತೆ. ಕೆಲಸ ಮಾಡುತ್ತ ಮಾಡುತ್ತ ಮುಗಿದುಹೋಗುತ್ತವೆ. ಹೊಗೆಮಸಿ ಹಾಗಲ್ಲ, ಅದು ಕಿರಣಗಳನ್ನು ಮೇಲಿನ ತೊಗಲಿನಲ್ಲಿಯೇ ತಡೆದು ಹಿಡಿಯುತ್ತದೆ. ಹನಿ ನೀರಾವರಿಯ ಕೊಳವೆಗಳೆಲ್ಲ ಕಪ್ಪಗಿರುವುದೇಕೆಂದು ಎಂದಾದರೂ ವಿಚಾರಿಸಿದ್ದೀರಾ? ನೂರಕ್ಕೆ ಸುಮಾರು 2.5 ಪಾಲು ಮಸಿ ಅವುಗಳಲ್ಲಿದೆ. ಆ ಮಸಿಯ ಬಲದಿಂದಲೇ ಅವು ವರುಷಗಟ್ಟಲೆ ಹೊಲದಲ್ಲಿ ಬಿದ್ದಿದ್ದರೂ ಬಾಳುತ್ತವೆ. ಬಣ್ಣದ ಪ್ಲಾಸ್ಟಿಕ್ ಹಗ್ಗ ಒಂದೆರಡು ಬೇಸಿಗೆಯಲ್ಲಿ ಕೈಯಲ್ಲಿಯೇ ಪುಡಿಯಾಗುವುದನ್ನು ನೀವೆಲ್ಲ ಬಲ್ಲಿರಿ.

ಹೀಗೆ ಪೆಟ್ಟೆಲ್ಲ ಮೇಲಿನ ತೊಗಲಿಗೇ ಬೀಳುವುದರಿಂದ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೇಳುತ್ತವೆ, ಒಳಗಿನ ಬಿಳಿಯ ಕಲ್ಲುಪುಡಿ ಬಯಲಿಗೆ ಬೀಳುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚೆದರಿ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ನಮ್ಮ ಎರೆಮಣ್ಣೇ ಇದಕ್ಕೆ ಸಾಕ್ಷಿ. ಒಣಗಿದ ಹೆಂಟೆ ಬೂದುಬಣ್ಣ, ಅದರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಕಡುಕಪ್ಪು. ಮಣ್ಣು ಬದಲಾಗಲಿಲ್ಲ, ಕಣಗಳ ನಡುವಣ ಸಂದಿಯಲ್ಲಿ ನೀರು ತುಂಬಿ ಬೆಳಕು ಚೆದರುವುದು ಕಡಿಮೆಯಾಯಿತು, ಅಷ್ಟೇ. ಬಂಪರಿಗೆ ಎಣ್ಣೆ ಬಳಿದಾಗ ಆಗುವುದೂ ಇಷ್ಟೇ. ಬಿರುಕಿನಲ್ಲಿ ಎಣ್ಣೆ ತುಂಬುತ್ತದೆ, ಕಪ್ಪು ಕಾಣುತ್ತದೆ. ಎಣ್ಣೆ ಹೋದ ದಿನ ಬಿಳಿಪು ಮರಳಿ ಬರುತ್ತದೆ. ನೀರು ಚಿಮುಕಿಸಿ ಕಪ್ಪಾಗಿಸಿದ್ದಕ್ಕೂ ಇದಕ್ಕೂ ಇರುವ ಅಂತರ ನಾಲ್ಕಾರು ದಿನಗಳದು.

ನಾಲ್ಕು ದಿನವಾದರೂ ಚೆನ್ನಾಗಿ ಕಂಡರೆ ನಷ್ಟವೇನು ಎಂದು ಹೇಳುವವರಿದ್ದಾರೆ. ನಷ್ಟವಿದೆ. ಶೇಂಗಾ ಎಣ್ಣೆ ಬಿಸಿಲಿಗೆ ಕಮಟುಹಿಡಿದು ಅಂಟಾಗುತ್ತದೆ, ರಸ್ತೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ತಿನ್ನುವ ಎಣ್ಣೆಯ ವಾಸನೆಗೆ ಇರುವೆ ಬರುತ್ತದೆ, ಇಲಿಯೂ ಬರುತ್ತದೆ. ಬಂದ ಇಲಿ ಬಂಪರನ್ನು ನೆಕ್ಕಿ ಹೋಗುವುದಿಲ್ಲ, ಒಳಗೆ ಹೊಕ್ಕು ತಂತಿಯನ್ನು ಕಡಿಯುತ್ತದೆ. ಎಂಜಿನ್ನಿನ ಹಳೆಯ ಎಣ್ಣೆಯಲ್ಲಿ ಲೋಹದ ಕಿಟ್ಟ, ಮಸಿ, ಮೈಗೆ ಹಿತವಲ್ಲದ ಪದಾರ್ಥಗಳಿವೆ. ಮಕ್ಕಳು ಒರಗಿ ನಿಲ್ಲುವ ಜಾಗಕ್ಕೆ ಅದನ್ನು ಬಳಿಯುವುದು ತಪ್ಪು. ಅದೂ ಡೀಸೆಲೂ ಬಾಗಿಲ ಅಂಚಿನ ರಬ್ಬರು ಪಟ್ಟಿಗೆ ತಗುಲಿದರೆ ರಬ್ಬರು ಉಬ್ಬಿ ಮೆದುವಾಗುತ್ತದೆ. ಆಮೇಲೆ ಮಳೆಯ ನೀರು ಒಳಗೆ ಬಂದೀತು. ಪೇಟೆಯ ಸೀಸೆಗಳಲ್ಲಿ ಬಹಳಷ್ಟು ಸಿಲಿಕೋನ್ ಎಣ್ಣೆಯವು. ಪ್ಲಾಸ್ಟಿಕ್ಕಿಗೆ ಅವುಗಳಿಂದ ದೊಡ್ಡ ಕೇಡಿಲ್ಲ. ಆದರೆ ಕೆಲವು ಸಲ ತೊಳೆಯುವಷ್ಟರಲ್ಲಿ ಹೊರಟುಹೋಗುತ್ತವೆ. ಮುಂದೆ ಎಂದಾದರೂ ಆ ಜಾಗಕ್ಕೆ ಬಣ್ಣ ಹೊಡೆಯಬೇಕಾದಾಗ ಬಣ್ಣ ಹಿಡಿಯದೆ ಮೀನಿನ ಕಣ್ಣಿನಂತೆ ಗುಳಿ ಗುಳಿಯಾಗುತ್ತದೆ. ಉಳಿದ ಎಣ್ಣೆ ದಂಡವಾಗಬಾರದೆಂದು ಬ್ರೇಕಿನ ಪೆಡಲಿಗೆ, ಮೋಟಾರ್ ಸೈಕಲ್ಲಿನ ಸೀಟಿಗೆ ಒರೆಸುವವರನ್ನು ನೋಡಿದ್ದೇವೆ. ಕಾಲು ಜಾರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲವು ಗ್ಯಾರೇಜುಗಳಲ್ಲಿ ಬಿಸಿಗಾಳಿಯ ಬಂದೂಕನ್ನು ಹಿಡಿದೋ ಬರಿಯ ಬೆಂಕಿಯ ಜ್ವಾಲೆಯಿಂದಲೋ ಬಂಪರನ್ನು ಕಾಯಿಸುತ್ತಾರೆ. ಕಣ್ಣೆದುರಿಗೇ ಬಿಳಿ ಹೋಗಿ ಕಪ್ಪು ಬರುವುದರಿಂದ ಗರುಡಿಯಾಟ ಕಂಡಷ್ಟು ಬೆರಗು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಕರಗುತ್ತದೆ. ಮೇಲಿನ ಬಿರುಕು ಬಿಟ್ಟ ಪದರವು ಕರಗಿ ಮುಚ್ಚಿಕೊಂಡಾಗ ಕಪ್ಪು ಕಾಣುತ್ತದೆ. ಆದರೆ ಮುಗಿದುಹೋದ ರಕ್ಷಕ ರಸಾಯನ ಬೆಂಕಿಯಿಂದ ಹುಟ್ಟಿ ಬರುವುದಿಲ್ಲ. ಮುಂದಿನ ಬೇಸಿಗೆಗೆ ಅದೇ ಪಾಡು. ಒಂದು ಗಳಿಗೆ ಕೈ ನಿಂತರೆ ಬಂಪರು ಸೊಟ್ಟಗಾಗುತ್ತದೆ, ಮೈಮೇಲಿನ ಗೆರೆಗೆರೆಯ ಹುರಿ ಅಳಿದು ಅಲ್ಲಲ್ಲಿ ನುಣುಪು ಕಲೆ ಬೀಳುತ್ತದೆ. ಪಕ್ಕದ ಬಣ್ಣವೂ ಸುಡುತ್ತದೆ. ಡೀಸೆಲ್ ಒರೆಸಿದ ಬಂಪರಿಗೆ ಬೆಂಕಿ ಹಿಡಿಯುವ ಜಾಣರೂ ಇದ್ದಾರೆ!

ಈ ಮಿಂಚಿನಿಂದ ಒಕ್ಕಲುಮಕ್ಕಳಿಗೆ ನಿಜವಾದ ಪೆಟ್ಟು ಬೀಳುವುದು ಹಳೆಯ ಗಾಡಿಯನ್ನು ಕೊಳ್ಳುವಲ್ಲಿ. ದ್ರಾಕ್ಷಿಯ ಅಥವಾ ಕಬ್ಬಿನ ಬಿಲ್ಲು ಕೈಗೆ ಬಂದ ವಾರದಲ್ಲಿ ಗಾಡಿ ನೋಡಲು ಹೋಗುತ್ತೇವೆ. ದಲಾಲಿಯು ಆ ದಿನ ಬೆಳಿಗ್ಗೆ ಬಂಪರಿಗೂ ಟಾಯರಿಗೂ ಎಣ್ಣೆ ಕುಡಿಸಿ ನಿಲ್ಲಿಸಿರುತ್ತಾನೆ. ಎತ್ತಿನ ಹಲ್ಲು ಎಣಿಸದೆ ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ರೊಕ್ಕ ಕೊಡುವವರು ನಮ್ಮಲ್ಲಿ ಯಾರಿದ್ದಾರೆ? ಗಾಡಿಯ ಮಾತಿಗೆ ಬಂದಾಗ ಮಾತ್ರ ಹಾಗೆಯೇ ಮಾಡುತ್ತೇವೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಿಳಿ ಅರಿವೆಯೊಂದನ್ನು ಜೇಬಿನಲ್ಲಿ ಒಯ್ಯಿರಿ. ಬಂಪರಿನ ಒಂದು ಮೂಲೆಯನ್ನು ತಿಕ್ಕಿ ಒಣಗಲು ಬಿಡಿ. ನಿಜವಾದ ಬಣ್ಣ ಅಲ್ಲಿ ಬಯಲಾಗುತ್ತದೆ. ಬಾಗಿಲು ತೆರೆದು ಬಿಸಿಲು ಕಾಣದ ಒಳ ಅಂಚಿನ ಕಪ್ಪನ್ನೂ ಹೊರಗಿನದನ್ನೂ ಹೋಲಿಸಿ ನೋಡಿ. ಮೂರು ಗಾಲಿಯ ಕಮಾನುಗಳು ಬಿಳಿಚಿದ್ದು ಒಂದು ಮಾತ್ರ ಹೊಸದಾಗಿ ಕಪ್ಪಗಿದ್ದರೆ ಆ ಬದಿಗೆ ಪೆಟ್ಟು ಬಿದ್ದು ಬದಲಾಯಿಸಿದ್ದಾರೆಂದು ಸಂಶಯಪಡಬೇಕು. ಟಾಯರು ಎಷ್ಟೇ ಕಪ್ಪಗೆ ಮಿಂಚಲಿ, ಅದರ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಅದನ್ನು ಯಾವ ಎಣ್ಣೆಯೂ ಅಳಿಸಲಾರದು. ಈ ದೃಷ್ಟಿಯಿಂದ ನೋಡಿದರೆ ಬಿಳಿಚಿದ ಬಂಪರು ಕೊಳ್ಳುವವನ ಗೆಳೆಯ. ಗಾಡಿ ಎಷ್ಟು ಬಿಸಿಲುಂಡಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬೆಲೆ ಇಳಿಸಿ ಕೇಳಲೂ ಅದು ನೆಪವಾಗುತ್ತದೆ. ಬಿಳಿಚಿದೆಯೆಂದ ಮಾತ್ರಕ್ಕೆ ಬಂಪರಿನ ಬಲ ಕುಂದಿದೆಯೆಂದೇನೂ ಅಲ್ಲ, ಕೆಟ್ಟಿರುವುದು ಸಾಮಾನ್ಯವಾಗಿ ಮೇಲ್ಪದರ ಮಾತ್ರ.

ಇಷ್ಟಾಗಿಯೂ ಕಪ್ಪು ಮರಳಿ ಬರಬೇಕೆಂಬ ಆಸೆಯನ್ನು ನಾವು ಹೀನಾಯವೆನ್ನುವುದಿಲ್ಲ. ತನ್ನ ಸಾಮಾನು ಚೊಕ್ಕಟವಾಗಿರಬೇಕೆನ್ನುವವನೇ ಅದನ್ನು ಜೋಪಾನವಾಗಿಯೂ ಇಟ್ಟುಕೊಳ್ಳುತ್ತಾನೆ. ಹಾಗಿದ್ದರೆ ಸರಿಯಾಗಿ ಮಾಡಬೇಕು. ಮೊದಲು ಬಂಪರಿನ ಮೇಲೆ ನೀರು ಚೆಲ್ಲಿ ನೋಡಿ. ಒದ್ದೆಯಾದಾಗ ಎಲ್ಲೆಡೆ ಸಮನಾಗಿ ಕಪ್ಪಾಗಿ, ಒಣಗಿದಾಗ ಬಿಳಿಚಿದರೆ ಕೆಟ್ಟಿರುವುದು ಬರಿಯ ಮೇಲ್ಪದರವೆಂದು ತಿಳಿಯಬಹುದು, ಲೇಪದಿಂದ ಸರಿಹೋಗುತ್ತದೆ. ಒದ್ದೆಯಾದರೂ ಬಿಳಿಯ ಪಟ್ಟೆಗಳು ಉಳಿದರೆ ಅದು ಹಳೆಯ ಪಾಲಿಶಿನ ಮೇಣವಾಗಿರಬಹುದು ಅಥವಾ ಬಿರುಕು ಆಳಕ್ಕಿಳಿದಿರಬಹುದು.

ಕೆಲಸದ ಮುಕ್ಕಾಲು ಪಾಲು ತೊಳೆಯುವುದರಲ್ಲಿದೆ. ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು, ತಾಳ್ಮೆ ಇವು ಮೂರು ಸಾಕು. ಹುರಿಹುರಿಯಾದ ಮೈಯ ಸಂದಿಗಳಲ್ಲಿ ಕುಳಿತ ಧೂಳು, ಹಿಂದೆ ಬಳಿದ ಎಣ್ಣೆ ಎಲ್ಲವೂ ಹೊರಬೀಳಬೇಕು. ಒಣಗಿದ ಬಳಿಕ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ಒರೆಸುತ್ತಾರಲ್ಲ, ಆ ಸ್ಪಿರಿಟಿಗೆ ಅಷ್ಟೇ ನೀರು ಸೇರಿಸಿ ಅರಿವೆಯಿಂದ ಒರೆಸಿ. ಪೆಟ್ರೋಲು, ಥಿನ್ನರು ಬೇಡವೇ ಬೇಡ. ಕೆಲವು ಜಾತಿಯ ಪ್ಲಾಸ್ಟಿಕ್ಕು, ಅದರಲ್ಲಿಯೂ ದೀಪದ ಗಾಜಿನಂತಹ ಭಾಗ, ಥಿನ್ನರಿಗೆ ಸೀಳಿಬಿಡುತ್ತದೆ. ಲೇಪವನ್ನು ಕೊಳ್ಳುವಾಗ ಸೀಸೆಯ ಮೇಲಿನ ಬರಹವನ್ನು ಓದಿಸಿಕೊಳ್ಳಿ. ಅದು ಇಂಗ್ಲಿಷಿನಲ್ಲಿರುತ್ತದೆ, ಕನ್ನಡವಂತೂ ಇರುವುದಿಲ್ಲ, ಓದಿಸಿಕೊಳ್ಳಲು ನಾಚಿಕೆಪಡಬಾರದು. ಮಿಂಚುಕೊಡುವ ಎಣ್ಣೆ ಬೇರೆ, ಒಣಗಿ ಗಟ್ಟಿಯಾಗಿ ಕೂರುವ ಲೇಪ ಬೇರೆ. ಹಚ್ಚಿದ ಮೇಲೆ ಇಂತಿಷ್ಟು ಹೊತ್ತು ನೀರು ತಾಗಿಸಬಾರದೆಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಎರಡನೆಯ ಜಾತಿಯದು. ಬೆಲೆ ಹೆಚ್ಚು, ಆದರೆ ಒಳ್ಳೆಯದಾದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರುಷದ ಮೇಲೆ ನಿಲ್ಲುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ತೆಳ್ಳಗೆ ಹಚ್ಚಿ ಹೆಚ್ಚಾದುದನ್ನು ಒಣ ಅರಿವೆಯಿಂದ ತೆಗೆಯಬೇಕು. ಪಕ್ಕದ ಬಣ್ಣದ ಭಾಗಕ್ಕೆ ಮೊದಲೇ ಕಾಗದದ ಅಂಟುಪಟ್ಟಿ ಹಚ್ಚಿಕೊಳ್ಳಿ. ಮರುದಿನದವರೆಗೆ ಗಾಡಿಯನ್ನು ಮಂಜಿಗೂ ಮಳೆಗೂ ಒಡ್ಡಬಾರದು.

ಬಿರುಕು ಆಳವಾದಲ್ಲಿ ಬಣ್ಣವೇ ಗತಿ. ಆದರೆ ಪಾಲಿಪ್ರೊಪಿಲೀನಿನ ಮೈ ಕೆಸುವಿನೆಲೆಯಂತೆ, ಬಣ್ಣವನ್ನು ಹಿಡಿಯಲೊಲ್ಲದು. ನುಣ್ಣನೆಯ ಮರಳುಕಾಗದದಿಂದ ತಿಕ್ಕಿ, ಪ್ಲಾಸ್ಟಿಕ್ಕಿಗೆಂದೇ ಮಾಡಿದ ಅಸ್ತರು ಹೊಡೆದು, ಅದರ ಮೇಲೆ ಕರಿ ಬಣ್ಣ ಹೊಡೆಯಬೇಕು. ಅಸ್ತರು ಬಿಟ್ಟು ಅಗ್ಗಕ್ಕೆ ಹೊಡೆಸಿದ ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ, ಮೊದಲಿಗಿಂತ ವಿಕಾರ.

ಈಗ ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರೋಣ. ಬಂಪರನ್ನು ತಿಂದ ಬಿಸಿಲು ಅದರ ಮೇಲಿನ ದೀಪವನ್ನೂ ತಿಂದಿರುತ್ತದೆ. ಈಗಿನ ಬಹುತೇಕ ಗಾಡಿಗಳ ಮುಂದೀಪದ ಮುಖ ಗಾಜಿನದಲ್ಲ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದರ ಮೇಲೆ ಕಾರ್ಖಾನೆಯವರು ಹಚ್ಚಿದ ರಕ್ಷಣೆಯ ಲೇಪ ಬಿಸಿಲಿಗೆ ಸವೆದ ಮೇಲೆ ಅದು ಹಳದಿಯಾಗಿ, ಮಸುಕಾಗಿ, ಪೊರೆ ಬಂದ ಕಣ್ಣಿನಂತಾಗುತ್ತದೆ. ರಸ್ತೆಗೆ ಬೀಳುವ ಬೆಳಕು ಕುಗ್ಗುತ್ತದೆ, ಬಿದ್ದದ್ದೂ ಚೆದರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಸೀಮೆಯಲ್ಲಿ ಚಳಿಗಾಲದ ರಾತ್ರಿಯೆಂದರೆ ಕಬ್ಬಿನ ರಾತ್ರಿ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿ, ಎತ್ತಿನ ಗಾಡಿಗಳ ಸಾಲು. ಹಿಂದೀಪವಿಲ್ಲ, ಕೆಂಪು ಮಿಂಚುಪಟ್ಟಿಯಿಲ್ಲ, ಕಬ್ಬಿನ ಹೊರೆ ರಸ್ತೆಯ ಅರ್ಧಕ್ಕೆ ಚಾಚಿಕೊಂಡಿರುತ್ತದೆ. ಅಂತಹ ರಸ್ತೆಯಲ್ಲಿ ಪೊರೆಬಂದ ದೀಪದ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಲಗ್ನದಿಂದಲೋ ಜಾತ್ರೆಯಿಂದಲೋ ಮರಳುವ ಒಡೆಯ ಬಂಪರನ್ನು ಮಾತ್ರ ಮಿಂಚಿಸಿರುತ್ತಾನೆ! ಇದಕ್ಕಿಂತ ತಲೆಕೆಳಗಾದ ಲೆಕ್ಕ ಬೇರೊಂದಿಲ್ಲ. ಕೈಯಲ್ಲಿರುವ ರೊಕ್ಕ ಒಂದೇ ಕೆಲಸಕ್ಕೆ ಸಾಲುವಂತಿದ್ದರೆ ಅದು ದೀಪಕ್ಕೆ ಹೋಗಲಿ, ಬಂಪರು ಬಿಳಿಚಿಕೊಂಡೇ ಇರಲಿ.

ದೀಪದ ದುರಸ್ತಿಯೂ ಕಠಿಣವಲ್ಲ. ಮಸುಕು ಹೊರಬದಿಗಿದ್ದರೆ ನೀರು ಹಾಕುತ್ತ ಮೊದಲು 800, ಬಳಿಕ 1500, ಆಮೇಲೆ 2000ದ ಮರಳುಕಾಗದದಿಂದ ತಿಕ್ಕಿ, ಪಾಲಿಶ್ ಹಚ್ಚಿ ಉಜ್ಜಿದರೆ ತಿಳಿಯಾಗುತ್ತದೆ. ಪ್ರತಿ ಕಾಗದಕ್ಕೂ ಹಿಂದಿನದರ ಗೀರೆಲ್ಲ ಹೋಗುವವರೆಗೆ ತಿಕ್ಕಬೇಕು. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕುವ ರೂಢಿ ಎಲ್ಲೆಡೆ ಹಬ್ಬಿದೆ. ತುಸು ತಿಳಿಯಾಗುವುದೂ ನಿಜ. ಆದರೆ ತಿಕ್ಕಿದ ಮೇಲೆ ಬಿಸಿಲು ತಡೆಯುವ ಪಾರದರ್ಶಕ ಲೇಪವನ್ನು ಹೊಡೆಯದೆ ಬಿಟ್ಟರೆ, ಪೇಸ್ಟೇ ಇರಲಿ ಪಾಲಿಶೇ ಇರಲಿ, ಕೆಲವೇ ತಿಂಗಳಲ್ಲಿ ದೀಪ ಮತ್ತೆ ಹಳದಿಯಾಗುತ್ತದೆ. ಆ ಕೊನೆಯ ಲೇಪ ಹೊಡೆದಿದ್ದೀಯಾ ಎಂದು ಮಿಸ್ತ್ರಿಯನ್ನು ಕೇಳಿಯೇ ರೊಕ್ಕ ಕೊಡಿ. ಮಸುಕು ಒಳಬದಿಗಿದ್ದರೆ ತಿಕ್ಕಿ ಪ್ರಯೋಜನವಿಲ್ಲ, ದೀಪವನ್ನೇ ಬದಲಾಯಿಸಬೇಕು.

ಮಾಸಿದ ಮೇಲಿನ ಮಾತಾಯಿತು. ಮಾಸದಂತೆ ಕಾಯುವುದು ಇದಕ್ಕಿಂತ ಅಗ್ಗ. ಜತ್ತದ ಕಡೆಯ ನಮ್ಮ ದ್ರಾಕ್ಷಿಗಾರರು ಒಣದ್ರಾಕ್ಷಿಯ ಹಸಿರು ಕೆಡಬಾರದೆಂದು ಹಸಿರು ಜಾಳಿಗೆಯ ಚಪ್ಪರದ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸುತ್ತಾರೆ. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಕೆಡುತ್ತದೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಮನೆಯ ಗಾಡಿ ಮಾತ್ರ ಚೈತ್ರ ವೈಶಾಖದ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಬಯಲಿಗೆ ನಿಂತಿರುತ್ತದೆ. ನಾಲ್ಕು ಕಂಬ ನೆಟ್ಟು, ಹಳೆಯ ಪತ್ರಾ ಹೊದಿಸಿದರೆ ಸಾಕು. ಚಪ್ಪರಕ್ಕೆ ಉಪಯೋಗಿಸಿ ಉಳಿದ ಜಾಳಿಗೆಯಾದರೂ ನಡೆದೀತು. ಬೇವಿನ ಗಿಡದ ನೆರಳೂ ಒಳ್ಳೆಯದೇ, ಆದರೆ ಹಕ್ಕಿಯ ಹಿಕ್ಕೆ ಬಣ್ಣವನ್ನು ಸುಡುವುದರಿಂದ ಬಿದ್ದ ದಿನವೇ ತೊಳೆದುಬಿಡಬೇಕು. ಪ್ಲಾಸ್ಟಿಕ್ ತಾಡಪತ್ರಿಯನ್ನು ಧೂಳು ತುಂಬಿದ ಗಾಡಿಯ ಮೇಲೆ ಹಾಸಿ ಹಗ್ಗ ಬಿಗಿಯುವುದು ಒಳ್ಳೆಯದಲ್ಲ. ಗಾಳಿಗೆ ಬಡಿದು ಬಡಿದು ಬಣ್ಣದ ಮೇಲೆ ಗೀರು ಬೀಳುತ್ತದೆ. ನೆರಳಿಗೆ ಏನೂ ಅನುಕೂಲವಿಲ್ಲದವರು ಗಾಡಿಯನ್ನು ದಿನಾಲೂ ಒಂದೇ ಕಡೆ ಮುಖ ಮಾಡಿ ನಿಲ್ಲಿಸದೆ ತಿರುಗಿಸಿ ನಿಲ್ಲಿಸಲಿ, ಒಂದೇ ಬದಿ ಬೇಯುವುದು ತಪ್ಪುತ್ತದೆ. ದೀಪಕ್ಕೂ ಬಂಪರಿಗೂ ಮುಚ್ಚುವಂತೆ ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ, ಮೂಲೆಗಳಿಗೆ ಲಾಡಿ ಹೊಲಿದು, ನಡುಹಗಲಿನ ನಾಲ್ಕು ತಾಸು ಕಟ್ಟಿದರೂ ಆಗುತ್ತದೆ. ಸಂಜೆ ಗಾಡಿ ಹೊರಡಿಸುವ ಮೊದಲು ಅದನ್ನು ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿರಬೇಕು.